‘ಹಣದುಬ್ಬರ ಇಳಿಯಿತು’ ಅಂದರೆ ಇಳಿದದ್ದು ಯಾವುದು?

ಎಲ್ಲರಿಗೂ ನಮಸ್ಕಾರ.

ಗ್ರಾಹಕ ಬೆಲೆ ಸೂಚ್ಯಂಕದ ಬಗ್ಗೆ, ಅಂದರೆ ಜನ ಕೊಳ್ಳುವ ವಸ್ತು, ಸೇವೆಗಳ ಒಂದು ಬುಟ್ಟಿಯ ಬೆಲೆ ಎಷ್ಟು ಬದಲಾಯಿತು ಅಂತ ತೋರಿಸುವ ಅಂಕಿಯ ಬಗ್ಗೆ, ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಕಡೆ ‘ಹಣದುಬ್ಬರ ಇಳಿಯಿತು’ ಅಂತ ಬರೆದಿದ್ದೆ. ಓದಿದ ಗೆಳೆಯ, ‘ಹಾಗಾದ್ರೆ ಬೆಲೆ ಕಡಿಮೆ ಆಯ್ತಾ?’ ಅಂದ. ಮೊದಲು ಅವನ ಮೇಲೆ ಸಿಟ್ಟು ಬಂತು, ಆಮೇಲೆ ಪದದ ಮೇಲೆ ಅನುಮಾನ ಬಂತು.

ಮೂಲ ವರ್ಷದ ಸೂಚ್ಯಂಕ 100 ಅಂತಿಟ್ಟುಕೊಳ್ಳಿ. ಮರುವರ್ಷ 108, ಅದರ ಮರುವರ್ಷ 112. ಮೊದಲ ಏರಿಕೆ ಶೇ 8. ಎರಡನೆಯದು 108ರ ಮೇಲೆ 4, ಅಂದರೆ ಸುಮಾರು ಶೇ 3.7. ಹಣದುಬ್ಬರ ಅರ್ಧಕ್ಕಿಂತ ಕೆಳಗೆ ಬಂತು, ಬೆಲೆ ಏರುತ್ತಲೇ ಇದೆ. ಏರುವ ವೇಗ ತಗ್ಗಿತು, ಅಷ್ಟೇ.

ತೊಡಕು ‘ಉಬ್ಬರ’ದಲ್ಲೇ ಇದೆ ಅನ್ನಿಸುತ್ತದೆ. ಕಡಲಿನ ಉಬ್ಬರ ಇಳಿದರೆ ನೀರು ಹಿಂದೆ ಸರಿದು ಮರಳು ಕಾಣಬೇಕು, ಅಲ್ವಾ? ಇಲ್ಲಿ ನೀರು ಇನ್ನೂ ಮೇಲೇರುತ್ತಿದೆ, ತುಸು ನಿಧಾನವಾಗಿ. ಸೂಚ್ಯಂಕ 112ರಿಂದ 110ಕ್ಕೆ ಬಂದರೆ ಮಾತ್ರ ಮರಳು ಕಂಡಂತೆ. ಅದಕ್ಕೆ ‘ಹಣದುಬ್ಬರವಿಳಿತ’ ಅನ್ನುವ ಪದ ಬಳಕೆಯಲ್ಲಿದೆ. ತಮಾಷೆ ನೋಡಿ, ‘ಹಣದುಬ್ಬರ ಇಳಿತ’ ಅಂತ ಬಿಡಿಸಿ ಬರೆದರೆ ಒಂದರ್ಥ, ಕೂಡಿಸಿದರೆ ಇನ್ನೊಂದು! ಪಾಪ, ಒಂದು ವಕಾರದ ಮೇಲೆ ಇಷ್ಟು ಭಾರವೇ?

ಸದ್ಯಕ್ಕೆ ಮೊದಲನೆಯದಕ್ಕೆ ‘ಬೆಲೆಯೇರಿಕೆ ನಿಧಾನವಾಯಿತು’ ಅಂತ ಬಿಡಿಸಿ ಹೇಳುತ್ತಿದ್ದೇನೆ. ಎರಡನೆಯದಕ್ಕೆ ‘ಬೆಲೆಯಿಳಿಕೆ’ ಸಾಕೇ? ಒಂದೆರಡು ವಸ್ತು ಅಗ್ಗವಾದರೂ ನಾವು ಬೆಲೆಯಿಳಿಕೆ ಅಂತಲೇ ಅನ್ನುತ್ತೇವೆ. ಸೂಚ್ಯಂಕ ಹೇಳುವುದು ಇಡೀ ಬುಟ್ಟಿಯ ಮಾತು. ನಿಮ್ಮ ಹತ್ತಿರ ಒಳ್ಳೆಯ ಪದ ಇದ್ದರೆ ಕೊಡಿ.

ಇನ್ನೊಂದು ಪದ ‘ತೂಕ’. ಜನರ ಖರ್ಚಿನಲ್ಲಿ ಯಾವುದಕ್ಕೆ ಜಾಸ್ತಿ ಪಾಲೋ ಅದರ ಬೆಲೆ ಸೂಚ್ಯಂಕವನ್ನು ಜಾಸ್ತಿ ಎಳೆಯುತ್ತದೆ. ಆದರೆ ‘ಮನೆ ಬಾಡಿಗೆಯ ತೂಕ’ ಅಂತ ಬರೆದು ನೋಡಿ, ನಗು ಬರುತ್ತದೆ. ‘ಪಾಲು’ ಅನ್ನೋಣವೆಂದರೆ ಯಾವ ವರ್ಷದ ಪಾಲು ಅನ್ನೋ ಪ್ರಶ್ನೆ ಏಳುತ್ತದೆ. ಅರ್ಥಶಾಸ್ತ್ರಜ್ಞ ಲಾಸ್ಪೇರ್ 1871ರಲ್ಲಿ ಹೇಳಿದ ಲೆಕ್ಕದಲ್ಲಿ ಹಳೆಯ ವರ್ಷದ, ಅಂದರೆ ಮೂಲ ವರ್ಷದ, ಬುಟ್ಟಿಯನ್ನೇ ಹಿಡಿಯುತ್ತಾರೆ. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಪಾಶೆ 1874ರಲ್ಲಿ ಹೊಸ ವರ್ಷದ ಬುಟ್ಟಿ ಹಿಡಿದ. ಬೆಲೆ ಏರಿದ್ದನ್ನು ಜನ ಕಡಿಮೆ ಕೊಂಡು ಅಗ್ಗದ್ದಕ್ಕೆ ತಿರುಗುತ್ತಾರಲ್ಲ, ಹಾಗಾಗಿ ಸಾಮಾನ್ಯವಾಗಿ ಮೊದಲ ಲೆಕ್ಕದಲ್ಲೇ ಏರಿಕೆ ಜಾಸ್ತಿ ಕಾಣುತ್ತದೆ. ‘ಪಾಲು’ ಅಂತ ಬರೆದರೆ ಓದುಗರು ಈಗಿನ ಪಾಲು ಅಂದುಕೊಳ್ಳುತ್ತಾರೆ ಅನ್ನೋದು ನನ್ನ ಅಳುಕು. ‘ಮೂಲಪಾಲು’ ಅಂದರೆ ಕಿವಿಗೆ ಹೇಗೆ ಕೇಳುತ್ತದೆ?