ಪೋಸ್ಟ್‌ಫಿಕ್ಸ್: ಡೊಮೇನ್ ರಿಜೆಕ್ಟ್ ಹಾಕಿದರೂ ಮೇಲ್ ಬರುತ್ತಲೇ ಇದೆ

ಪ್ರೆಸ್_ದಾವಣಗೆರೆ
ತಲೆ ಕೆಟ್ಟುಹೋಗಿದೆ. ನಮ್ಮ ಪ್ರಿಂಟಿಂಗ್ ಪ್ರೆಸ್‌ನ ಪೋಸ್ಟ್‌ಫಿಕ್ಸ್ ಮೇಲ್ ಸರ್ವರ್‌ಗೆ ಒಂದೇ ಡೊಮೇನ್‌ನಿಂದ ಆಫರ್ ಮೇಲ್ ಸುರಿಯುತ್ತಿದೆ. ಅನ್‌ಸಬ್‌ಸ್ಕ್ರೈಬ್ ಒತ್ತಿದರೂ ನಿಲ್ಲುತ್ತಿಲ್ಲ. ಯಾರ ಮೇಲ್ ತಡೆಯಬೇಕು ಅಂತ ಬರೆಯುವ ಸೆಂಡರ್_ಆಕ್ಸೆಸ್ ಫೈಲಿನಲ್ಲಿ ಆ ಡೊಮೇನ್ ಬರೆದು ಎದುರಿಗೆ ರಿಜೆಕ್ಟ್ ಹಾಕಿದ್ದೇನೆ. ಏನೂ ಪ್ರಯೋಜನ ಇಲ್ಲ. ಗಿರಾಕಿಗಳು ಕಳಿಸುವ ಲಗ್ನಪತ್ರಿಕೆಯ ಮ್ಯಾಟರ್ ಈ ಕಸದ ನಡುವೆ ಕಣ್ಣಿಗೇ ಬೀಳುವುದಿಲ್ಲ. ಯಾರಾದರೂ ಹೇಳಿ, ದಯವಿಟ್ಟು.

ಕ್ಯೂ_ಕಾವಲು
ಪೋಸ್ಟ್‌ಮ್ಯಾಪ್ ಓಡಿಸಿದಿರಾ? ಫೈಲ್ ತಿದ್ದಿದರೆ ಸಾಲದು, ಪೋಸ್ಟ್‌ಫಿಕ್ಸ್ ಓದುವ ಪಕ್ಕದ ಡಿಬಿ ಫೈಲ್ ಆ ಕಮಾಂಡಿನಿಂದ ಹೊಸದಾಗಿ ಆಗಬೇಕು. ಈ ತರಹದ ದೂರು ಬಂದಾಗೆಲ್ಲ ಕಾರಣ ಇದೇ.

ಪ್ರೆಸ್_ದಾವಣಗೆರೆ
ಓಡಿಸಿದ್ದೇನೆ ಸರ್.

ಕ್ಯೂ_ಕಾವಲು
ಎರಡೂ ಫೈಲಿನ ಟೈಮ್ ನೋಡಿ. ಡಿಬಿ ಹಳೆಯದಿದ್ದರೆ ನಾನು ಹೇಳಿದ್ದೇ ಸರಿ.

ಮಲೆನಾಡು_ಅಡ್ಮಿನ್
ಯಾವ ವರ್ಷನ್, ಯಾವ ಲಿನಕ್ಸ್ ಅಂತಲೇ ಹೇಳಿಲ್ಲ. ಸೆಟ್ಟಿಂಗ್ ತೋರಿಸುವ ಪೋಸ್ಟ್‌ಕಾನ್ಫ್ -ಎನ್ ಕಮಾಂಡ್ ಕೊಟ್ಟು ಬಂದದ್ದನ್ನು ಹಾಕಿ. ನಂಬಿದ ಐಪಿಗಳನ್ನು ಹಾಗೇ ಒಳಗೆ ಬಿಡುವ ಪರ್ಮಿಟ್_ಮೈನೆಟ್‌ವರ್ಕ್ಸ್ ಮೇಲೆ, ನಿಮ್ಮ ಚೆಕ್ ಕೆಳಗೆ ಇದೆಯಾ? ಮೇಲ್ ಮೊದಲು ಹಾದುಬರುವ ಗೇಟ್‌ವೇ ಯಾವುದಾದರೂ ಮುಂದೆ ಇದ್ದು, ಅದರ ಐಪಿ ಮೈನೆಟ್‌ವರ್ಕ್ಸ್‌ನಲ್ಲಿ ಇದ್ದರೆ ನಿಮ್ಮ ಚೆಕ್ ತನಕ ಮೇಲ್ ಬರುವುದೇ ಇಲ್ಲ.

ಪ್ರೆಸ್_ದಾವಣಗೆರೆ
ಡೆಬಿಯನ್ 12, ಪೋಸ್ಟ್‌ಫಿಕ್ಸ್ 3.7. ಗೇಟ್‌ವೇ ಇಲ್ಲ. ಚೆಕ್_ಸೆಂಡರ್_ಆಕ್ಸೆಸ್ ಎಲ್ಲಕ್ಕಿಂತ ಮೇಲೆ ಇದೆ. ಡಿಬಿ ಫೈಲ್ ಕೂಡ ಹೊಸದೇ.

ಕ್ಯೂ_ಕಾವಲು
ಹಾಗಾದರೆ ಪೋಸ್ಟ್‌ಮ್ಯಾಪ್ -ಕ್ಯೂ ಕೊಟ್ಟು ಆ ಡೊಮೇನ್ ಕೇಳಿ. ಖಾಲಿ ಬರುತ್ತದೆ ನೋಡಿ.

ಪ್ರೆಸ್_ದಾವಣಗೆರೆ
ರಿಜೆಕ್ಟ್ ಅಂತಲೇ ಬರುತ್ತಿದೆ.

ಕ್ಯೂ_ಕಾವಲು
ಡಿಬಿ ಅಳಿಸಿ ಮತ್ತೆ ಮಾಡಿ. ಆಮೇಲೆ ರಿಲೋಡ್.

ಬಯಲುಸೀಮೆ
ಸಬ್‌ಡೊಮೇನ್‌ನಿಂದ ಬರುತ್ತಿರಬೇಕು. ಡೊಮೇನ್ ಮುಂದೆ ಒಂದು ಚುಕ್ಕಿ ಹಾಕಿ.

ಮಲೆನಾಡು_ಅಡ್ಮಿನ್
ಚುಕ್ಕಿ ಬೇಡ. ಪೇರೆಂಟ್_ಡೊಮೇನ್_ಮ್ಯಾಚಸ್_ಸಬ್‌ಡೊಮೇನ್ಸ್ ಪಟ್ಟಿಯಲ್ಲಿ ಎಸ್‌ಎಂಟಿಪಿಡಿ_ಆಕ್ಸೆಸ್_ಮ್ಯಾಪ್ಸ್ ಡಿಫಾಲ್ಟ್ ಆಗಿಯೇ ಇರುತ್ತದೆ. ಚುಕ್ಕಿ ಇಲ್ಲದ ಹೆಸರೇ ಸಬ್‌ಡೊಮೇನ್‌ಗಳನ್ನೂ ಹಿಡಿಯುತ್ತದೆ. ಚುಕ್ಕಿ ಇರುವ ಸಾಲನ್ನು ಆಗ ಹುಡುಕುವುದೇ ಇಲ್ಲ.

ಬಯಲುಸೀಮೆ
ನಮ್ಮಲ್ಲಿ ಚುಕ್ಕಿ ಹಾಕಿಯೇ ನಡೆಯುತ್ತಿದೆ.

ಮಲೆನಾಡು_ಅಡ್ಮಿನ್
ನಿಮ್ಮಲ್ಲಿ ಆ ಪಟ್ಟಿಯನ್ನು ಯಾರೋ ಬದಲಿಸಿರುತ್ತಾರೆ. ಅದು ಹೇಳದೆ ಬೇರೆಯವರಿಗೆ ಸಲಹೆ ಕೊಡಬೇಡಿ ರೀ.

ಹೊಳೆಸಾಲು
ಚುಕ್ಕಿ ಜಗಳ ಆಮೇಲೆ. ಹಾಗೆ ಬಂದ ಒಂದು ಮೇಲ್‌ನ ಲಾಗ್ ಸಾಲು ಹಾಕಿ ಸರ್. ಕ್ಯೂಎಂಜಿಆರ್ (ಕ್ಯೂ ಮ್ಯಾನೇಜರ್) ಅಂತ ಇರುವುದು.

ಪ್ರೆಸ್_ದಾವಣಗೆರೆ
ಹೆಸರು ಬದಲಿಸಿ ಹಾಕಿದ್ದೇನೆ:

`ಪೋಸ್ಟ್‌ಫಿಕ್ಸ್/ಕ್ಯೂಎಂಜಿಆರ್: ಫ್ರಮ್=<ಬೌನ್ಸ್-48213-ಪ್ರೆಸ್=ನಮ್ಮಡೊಮೇನ್@ಮೇಲ್‌ಸೇವೆ.ನೆಟ್>, ಸೈಜ್=61204, ಎನ್‌ಆರ್‌ಸಿಪಿಟಿ=1 (ಕ್ಯೂ ಆಕ್ಟಿವ್)`

ಹೊಳೆಸಾಲು
ಇಲ್ಲೇ ಇದೆ. ನೀವು ತಡೆದ ಡೊಮೇನ್ ಈ ಸಾಲಿನಲ್ಲಿ ಎಲ್ಲೂ ಇಲ್ಲ. ಚೆಕ್_ಸೆಂಡರ್_ಆಕ್ಸೆಸ್ ನೋಡುವುದು ಲಕೋಟೆಯ ಮೇಲಿನ ವಿಳಾಸ, ಅಂದರೆ ಎಸ್‌ಎಂಟಿಪಿಯ ಮೇಲ್ ಫ್ರಮ್. ಇನ್‌ಬಾಕ್ಸಿನಲ್ಲಿ ಕಾಣುವ ಫ್ರಮ್ ಒಳಗಿನ ಕಾಗದದಲ್ಲಿ ಬರೆದ ಹೆಸರು. ಅವರು ಬಲ್ಕ್ ಸೇವೆಯಿಂದ ಕಳಿಸುತ್ತಿದ್ದಾರೆ. ತಲುಪದ ಮೇಲ್ ಆ ಸೇವೆಗೇ ವಾಪಸ್ ಹೋಗಲಿ ಅಂತ ಲಕೋಟೆಯಲ್ಲಿ ಅದರ ಡೊಮೇನ್ ಇದೆ. ಬಂದ ಮೇಲ್‌ನ ಸೋರ್ಸ್ ತೆಗೆದು ರಿಟರ್ನ್-ಪಾತ್ ನೋಡಿ, ಅಲ್ಲೂ ಇದೇ ಸಿಗುತ್ತದೆ.

ಬಯಲುಸೀಮೆ
ಹಾಗಾದರೆ ಬೌನ್ಸ್ ಡೊಮೇನನ್ನೇ ರಿಜೆಕ್ಟ್ ಮಾಡಿದರಾಯಿತು, ಅಲ್ವಾ?

ಹೊಳೆಸಾಲು
ಖಂಡಿತ ಬೇಡ. ಅದೇ ಸೇವೆಯಿಂದ ಪೇಪರ್ ಮರ್ಚೆಂಟ್‌ನ ಇನ್‌ವಾಯ್ಸ್ ಕೂಡ ಬರಬಹುದು. ಅದೂ ನಿಂತುಹೋಗುತ್ತದೆ. ಒಳಗಿನ ಕಾಗದದ ಹೆಡರ್ ಸಾಲುಗಳನ್ನು ನೋಡುವ ಹೆಡರ್_ಚೆಕ್ಸ್ ಬಳಸಿ. ಪ್ಯಾಟರ್ನ್ ಬರೆಯಲು ಬೇಕಾದ ಪೋಸ್ಟ್‌ಫಿಕ್ಸ್-ಪಿಸಿಆರ್‌ಇ ಪ್ಯಾಕೇಜ್ ಹಾಕಿಕೊಂಡು, ಫ್ರಮ್: ಅಂತ ಶುರುವಾಗಿ ಆ ಡೊಮೇನ್‌ನ ವಿಳಾಸ ಇರುವ ಸಾಲಿಗೆ ರಿಜೆಕ್ಟ್ ಕೊಡಿ. ಡೊಮೇನ್‌ನ ಚುಕ್ಕಿಗೆ ಮುಂಚೆ ಬ್ಯಾಕ್‌ಸ್ಲ್ಯಾಶ್ ಇರಲಿ. ಇನ್ನೊಂದು ಮಾತು. ನೆಸ್ಟೆಡ್_ಹೆಡರ್_ಚೆಕ್ಸ್ ಡಿಫಾಲ್ಟ್ ಆಗಿ ಇದೇ ಫೈಲನ್ನು ಓದುತ್ತದೆ. ನಿಮ್ಮವರೇ ಆ ಮೇಲನ್ನು ಅಟ್ಯಾಚ್‌ಮೆಂಟ್ ಮಾಡಿ ಫಾರ್ವರ್ಡ್ ಮಾಡಿದರೂ ರಿಜೆಕ್ಟ್ ಆಗುತ್ತದೆ. ನೆಸ್ಟೆಡ್_ಹೆಡರ್_ಚೆಕ್ಸ್ ಅನ್ನು ಮುಖ್ಯ ಸೆಟ್ಟಿಂಗ್ ಫೈಲ್ ಮೇನ್.ಸಿಎಫ್‌ನಲ್ಲಿ ಬರೆದು ಅದರ ಎದುರು ಖಾಲಿ ಬಿಡಿ.

ಸರ್ವರ್_ಮನೆ
ಇಷ್ಟೆಲ್ಲ ಯಾಕೆ? ಡಿಮಾರ್ಕ್ ಚೆಕ್ ಹಾಕಿ, ಅದು ಫ್ರಮ್ ಹೆಡರ್ ನೋಡುತ್ತದೆ.

ಮಲೆನಾಡು_ಅಡ್ಮಿನ್
ಡಿಮಾರ್ಕ್ ಹಿಡಿಯುವುದು ಸುಳ್ಳು ವಿಳಾಸವನ್ನು. ಇವರು ತಮ್ಮದೇ ಡೊಮೇನ್‌ನ ಡಿಕಿಮ್ (ಡಿಜಿಟಲ್) ಸಹಿ ಹಾಕಿ ಕಳಿಸಿದರೆ ಪಾಸ್ ಆಗುತ್ತದೆ. ಬೇಡದ ಮೇಲ್ ಬೇರೆ, ನಕಲಿ ಮೇಲ್ ಬೇರೆ.

ಸರ್ವರ್_ಮನೆ
ಸರಿ. ನಾನಂತೂ ಸ್ಪ್ಯಾಮ್ ಫಿಲ್ಟರ್ ಆರ್‌ಸ್ಪ್ಯಾಮ್‌ಡಿಯ ಮಲ್ಟಿಮ್ಯಾಪ್‌ನಲ್ಲಿ ಡೊಮೇನ್ ಪಟ್ಟಿ ಇಟ್ಟಿದ್ದೇನೆ. ಹಿಂದೆ ರೆಡಿಸ್ ಡೇಟಾಬೇಸ್, ಪಕ್ಕದಲ್ಲಿ ಇನ್‌ಬಾಕ್ಸ್ ಸರ್ವರ್ ಡವ್‌ಕಾಟ್. ಎಲ್ಲ ಒಂದು ಹಳೆಯ ಲ್ಯಾಪ್‌ಟಾಪ್ ಮೇಲೆ, ಸೋಲಾರ್ ಯುಪಿಎಸ್‌ನಲ್ಲಿ. ಕರೆಂಟ್ ಹೋದರೂ ಮೇಲ್ ನಿಲ್ಲಲ್ಲ. ಫೋಟೋ ಬೇಕಾದರೆ ಹಾಕುತ್ತೇನೆ.

ಕ್ಯೂ_ಕಾವಲು
ಬ್ಯಾಟರಿ ಯಾವುದು? ಲಿಥಿಯಮ್ಮಾ?

ಪ್ರೆಸ್_ದಾವಣಗೆರೆ
ಹೊಳೆಸಾಲು ಅವರೇ, ತುಂಬಾ ಥ್ಯಾಂಕ್ಸ್. ಲಾಗ್‌ನಲ್ಲಿ ಈಗ ಕ್ಲೀನಪ್ ಸಾಲಿನಲ್ಲಿ ರಿಜೆಕ್ಟ್: ಹೆಡರ್ ಫ್ರಮ್ ಅಂತ ಬರುತ್ತಿದೆ. ಇನ್‌ಬಾಕ್ಸ್ ತಣ್ಣಗಾಗಿದೆ. ಆದರೆ ನಮ್ಮ ಅಕೌಂಟೆಂಟ್‌ಗೆ ಮಾತ್ರ ಆ ಮೇಲ್‌ಗಳು ಬೇಕಂತೆ. ಅವರೊಬ್ಬರನ್ನು ಬಿಡುವುದು ಹೇಗೆ?

ಹೊಳೆಸಾಲು
ಹೆಡರ್_ಚೆಕ್ಸ್‌ನಲ್ಲಿ ಆಗಲ್ಲ. ಅದಕ್ಕೆ ಯಾರಿಗೆ ಬಂದ ಮೇಲ್ ಅಂತ ಗೊತ್ತೇ ಇರುವುದಿಲ್ಲ, ಒಂದೊಂದು ಹೆಡರ್ ಸಾಲನ್ನು ಬಿಡಿಯಾಗಿ ನೋಡುತ್ತದೆ. ಆ ರೂಲ್ ತೆಗೆದು, ಡವ್‌ಕಾಟ್ ಇದ್ದರೆ ಉಳಿದವರ ಸೀವ್‌ನಲ್ಲಿ (ಮೇಲ್ ವಿಂಗಡಿಸುವ ರೂಲ್ ಫೈಲ್) ಫ್ರಮ್ ಡೊಮೇನ್ ನೋಡಿ ಜಂಕ್ ಫೋಲ್ಡರಿಗೆ ಹಾಕಿಸಿ. ಡೆಲಿವರಿಗೆ ಏನು ಬಳಸುತ್ತಿದ್ದೀರಿ, ಎಲ್‌ಎಂಟಿಪಿನಾ?

ಸರ್ವರ್_ಮನೆ
ಲಿಥಿಯಂ ಐರನ್ ಫಾಸ್ಫೇಟ್. ಫೋಟೋ ಹೊಸ ಥ್ರೆಡ್‌ನಲ್ಲಿ ಹಾಕಿದ್ದೇನೆ.