ಸಹಾಯ ಬೇಕು: ಕಾರ್ನೆಲ್ ಐಸ್ ಹಾಕಿ ತಂಡದ ಸೀಸನ್‌ವಾರು ಪಟ್ಟಿ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪುರುಷರ ಐಸ್ ಹಾಕಿ ತಂಡದ ಬಗ್ಗೆ ಕನ್ನಡದಲ್ಲಿ ಒಂದು ಪಟ್ಟಿ ಮಾಡುತ್ತಿದ್ದೇನೆ. ಸೀಸನ್‌ಗೆ ಒಂದು ಸಾಲು: ಗೆಲುವು, ಸೋಲು, ಡ್ರಾ, ಕೋಚ್.

1957ರಲ್ಲಿ ತಂಡದ ತವರು ಅಂಗಳ ಲೈನಾ ರಿಂಕ್ ತೆರೆದ ಮೇಲಿನದ್ದು ಸಲೀಸು. ನೆಡ್ ಹಾರ್ಕ್‌ನೆಸ್ ಕೋಚ್ ಆಗಿದ್ದಾಗ 1967ರಲ್ಲಿ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂತು. ಆಗ ಗೋಲ್‌ಕೀಪರ್ ಕೆನ್ ಡ್ರೈಡನ್. 1969-70ರಲ್ಲಂತೂ 29 ಪಂದ್ಯ, 29 ಗೆಲುವು! ಅಷ್ಟರಲ್ಲಿ ಡ್ರೈಡನ್ ಪದವಿ ಮುಗಿಸಿ ಹೋಗಿದ್ದರು. ಅದಕ್ಕೇ ಆ ಸೀಸನ್ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಸಿಕ್ಕಿಕೊಂಡಿರುವುದು ಎರಡು ಕಡೆ. ತಂಡ ಆಡುವುದು ಇಸಿಎಸಿ ಎಂಬ ಕಾಲೇಜು ಹಾಕಿ ಲೀಗ್‌ನಲ್ಲಿ. ಆದರೆ ಅದರಲ್ಲೇ ಆಡುವ ಐವಿ ಲೀಗ್ (ಕಾರ್ನೆಲ್, ಹಾರ್ವರ್ಡ್ ಸೇರಿ ಎಂಟು ವಿಶ್ವವಿದ್ಯಾಲಯಗಳ ಗುಂಪು) ತಂಡಗಳ ನಡುವಿನ ಪಂದ್ಯಗಳನ್ನೇ ಬೇರೆಯಾಗಿ ಲೆಕ್ಕ ಹಾಕಿ ಇನ್ನೊಂದು ಪ್ರಶಸ್ತಿಯನ್ನೂ ಕೊಡುತ್ತಾರೆ. ಒಂದೇ ಪಂದ್ಯ ಎರಡು ಕಾಲಮ್‌ನಲ್ಲಿ ಬಂದರೆ ಓದುವವರಿಗೆ ಗೊಂದಲ ಅಲ್ವಾ? ಇನ್ನೊಂದು, 2020ರಲ್ಲಿ ತಂಡ ದೇಶದಲ್ಲೇ ಮೊದಲ ರ‍್ಯಾಂಕ್‌ನಲ್ಲಿದ್ದಾಗ ಕೋವಿಡ್‌ನಿಂದ ರಾಷ್ಟ್ರೀಯ ಟೂರ್ನಿ ರದ್ದಾಯಿತು. ಮುಂದಿನ ಸೀಸನ್ ಆಡಲೇ ಇಲ್ಲ. ಆ ಸಾಲನ್ನು ಖಾಲಿ ಬಿಡಲೋ, ತೆಗೆದುಹಾಕಲೋ?

ಕಾರ್ನೆಲ್ ಇರುವ ಊರು ಇಥಾಕಾದಲ್ಲಿ ಕನ್ನಡಿಗರು ಯಾರಾದರೂ ಇದ್ದರೆ ರಿಂಕ್ ಒಳಗಿನ ಬ್ಯಾನರ್‌ಗಳ ಫೋಟೋ ಕಳಿಸಿಕೊಡಿ. ಹಾರ್ವರ್ಡ್ ಪಂದ್ಯದ ದಿನ ಹೋದರೆ ಮಾತ್ರ ಹುಷಾರು, ಅಭಿಮಾನಿಗಳು ಮೀನು ಎಸೆಯುತ್ತಾರೆ!