ಅಪ್‌ಡೇಟ್: ಕೈಟ್‌ಫಾಯಿಲ್ ನ್ಯಾಷನಲ್ಸ್ ಮುಗಿಸಿ ಬಂದೆ

ಹೋದ ತಿಂಗಳು ಕೇಳಿದ್ದೆ, ಮೊದಲ ಸಲ ರಾಷ್ಟ್ರೀಯ ಕೈಟ್‌ಫಾಯಿಲ್ ರೇಸ್‌ಗೆ (ದೊಡ್ಡ ಗಾಳಿಪಟ ಎಳೆಯುವ ಬೋರ್ಡ್ ಮೇಲೆ ನಿಂತು ನೀರಲ್ಲಿ ಓಡುವ ಸ್ಪರ್ಧೆ; ಬೋರ್ಡ್ ಕೆಳಗಿನ ರೆಕ್ಕೆಯಂಥ ಫಾಯಿಲ್ ಅದನ್ನು ನೀರಿನಿಂದ ಮೇಲೆತ್ತುತ್ತದೆ) ಹೋಗುತ್ತಿದ್ದೇನೆ, ಗಾಳಿ 8–10 ನಾಟ್ (ಗಂಟೆಗೆ ಸುಮಾರು 15–19 ಕಿ.ಮೀ.) ಇದ್ದರೆ 15 ಚದರ ಮೀಟರ್ ಕೈಟ್ ಸಾಕಾ, 21 ಬೇಕಾ ಅಂತ. ಹೆಚ್ಚಿನವರು ದೊಡ್ಡದೇ ತಗೊಳ್ಳಿ ಅಂದಿರಿ. ನೀವು ಹೇಳಿದ್ದೇ ಸರಿ.

ಮೊದಲ ದಿನ ನಾನು 15 ಹಿಡಿದೆ. ಅರ್ಧ ದಾರಿಯಲ್ಲಿ ಗಾಳಿ ಬಿತ್ತು, ಫಾಯಿಲ್ ಮೇಲೆ ತೇಲುತ್ತಿದ್ದ ಬೋರ್ಡ್ ನೀರಿಗೆ ಕೂತಿತು, ಹಿಂದೆಯೇ ಕೈಟೂ ಬಿತ್ತು. ರೇಸ್ ಕೈಟ್‌ಗಳಲ್ಲಿ ಗಾಳಿ ತುಂಬಿದ ಟ್ಯೂಬ್ ಇರುವುದಿಲ್ಲ ಅಲ್ವಾ, ಒಳಗೆ ನೀರು ಹೋದರೆ ಮತ್ತೆ ಎಬ್ಬಿಸುವುದು ತುಂಬಾ ಕಷ್ಟ. ರೆಸ್ಕ್ಯೂ ಬೋಟ್ ಬರುವ ತನಕ ಕಾದೆ. ನಿಜಕ್ಕೂ ಅಳು ಬಂತು. ಇದರಲ್ಲಿ ಕಡಿಮೆ ಅಂಕ ಬಂದವರೇ ಗೆಲ್ಲುವುದು, ರೇಸ್ ಮುಗಿಸದಿದ್ದರೆ ಒಟ್ಟು ಸ್ಪರ್ಧಿಗಳ ಸಂಖ್ಯೆಗೆ ಇನ್ನೊಂದು ಸೇರಿಸಿ ಕೊಡುತ್ತಾರೆ. ಪುಣ್ಯಕ್ಕೆ ಕೆಟ್ಟ ರೇಸೊಂದನ್ನು ಲೆಕ್ಕದಿಂದ ಬಿಡುತ್ತಾರೆ.

ಮರುದಿನ 21. ಬಲಗೈ ಮುಂದಿರುವ ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲೇ ಸ್ಟಾರ್ಟ್ ಮಾಡಿ, ಎಡಗೈ ಮುಂದಿರುವ ಪೋರ್ಟ್ ಟ್ಯಾಕ್‌ನಲ್ಲಿ ಬರುವವರು ದಾರಿ ಬಿಡಬೇಕು ಅಂತ ಒಬ್ಬರು ಬರೆದಿದ್ದಿರಿ, ಅದು ಜಾಸ್ತಿ ಕೆಲಸಕ್ಕೆ ಬಂತು. ಪದಕ ಬರಲಿಲ್ಲ. ಆದರೆ ಉಳಿದ ಎಲ್ಲ ರೇಸ್ ಮುಗಿಸಿದೆ! ಮುಂದಿನ ವರ್ಷಕ್ಕೆ ಟ್ಯಾಕ್ ಮಾಡುವುದನ್ನೇ (ಗಾಳಿಗೆ ಎದುರಾಗಿ ತಿರುಗಿ ದಿಕ್ಕು ಬದಲಿಸುವುದು) ದಿನಾ ಅಭ್ಯಾಸ ಮಾಡುತ್ತೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.